ಸಾವಿರಕ್ಕೆ ಮೂವತ್ತೈದು ಕಡಿಮೆ

ಕಂಚಿಗಟ್ಟದ ಪುರಸಭೆಯಲ್ಲಿ ನಾನು ಓವರ್‌ಸಿಯರ್ ಆಗಿದ್ದದ್ದು ಆರು ವರ್ಷ. ಅದರಲ್ಲಿ ಐದು ವರ್ಷ ಎರಡು ಗುಂಡಿಗಳ ಹಿಂದೆಯೇ ಕಳೆಯಿತು. ಪ್ಲೇಗು ಬಂದ ಕಾಲದಲ್ಲಿ ಊರ ಮೋರಿಗಳನ್ನೆಲ್ಲ ಒಂದೇ ಕಡೆಗೆ ತಿರುಗಿಸಿ, ಪೇಟೆಯ ತಗ್ಗಿನಲ್ಲಿ ಕಲ್ಲು ಕಟ್ಟಿದ ಎರಡು ಗುಂಡಿ ಮಾಡಿಸಿದ್ದರು. ಕೊಳಚೆ ಮೊದಲನೆಯದರಲ್ಲಿ ನಿಂತು ಕೆಸರು ಇಳಿಸಬೇಕು, ಎರಡನೆಯದರಲ್ಲಿ ಇನ್ನಷ್ಟು ತಿಳಿಯಾಗಬೇಕು, ಆಮೇಲೆ ಹಳ್ಳ ಸೇರಬೇಕು ಎಂಬುದು ಕಟ್ಟಿಸಿದವರ ಲೆಕ್ಕ. ಊರು ಎರಡರಷ್ಟಾಯಿತು, ಗುಂಡಿ ಅಷ್ಟೇ ಉಳಿಯಿತು. ನಾನು ಬರುವ ಹೊತ್ತಿಗೆ ವಾರಕ್ಕೊಮ್ಮೆ ಉಕ್ಕಿ, ಹತ್ತಿ ಅಂಗಡಿಗಳ ಹಿಂಬಾಗಿಲ ತನಕ ಬರುತ್ತಿತ್ತು. ಯಾಕೆ ವಾರಕ್ಕೊಮ್ಮೆ ಎಂದು ನನಗಾಗಲಿ ಇನ್ನೊಬ್ಬರಿಗಾಗಲಿ ಹೊಳೆಯಲಿಲ್ಲ.

ನಾನು ಹಿರಿಯೂರಿನವನು, ಹೆಸರು ರಂಗಯ್ಯ. ಮಾರಿಕಣಿವೆ ಕಟ್ಟೆ ಏಳುವಾಗ ಅಲ್ಲಿ ನೀರು ಅಳೆಯುವುದನ್ನು ಕಲಿತೆ. ವೇದಾವತಿಯನ್ನೇ ಅಳೆದವನಿಗೆ ಈ ಮೋರಿ ಯಾವ ಲೆಕ್ಕ ಎಂಬ ಜಂಬದಲ್ಲಿ ಇಲ್ಲಿಗೆ ಬಂದೆ. ಆ ಜಂಬ ಇಳಿಯಲು ಒಂದು ಮಳೆಗಾಲ ಸಾಕಾಯಿತು. ಅಲ್ಲಿ ಕಲ್ಲಿನ ಕೆಲಸ ಇತ್ತು, ಇಲ್ಲಿ ಇದ್ದದ್ದೆಲ್ಲ ಕಾಗದದ ಕೆಲಸ.

ಗುಂಡಿಯನ್ನು ಸುಧಾರಿಸಲು ಎಷ್ಟು ದಾರಿ ಉಂಟು, ಯಾವುದಕ್ಕೆ ಎಷ್ಟು ಖರ್ಚು, ಎಲ್ಲ ಪಕ್ಕಪಕ್ಕದಲ್ಲಿ ಬರೆದು ಕಳಿಸಿ ಎಂದು ದುರ್ಗದ ಮೇಲಿನ ಕಚೇರಿಯವರು ಕೇಳಿದರು. ಬರೆದು ಕಳಿಸಿದೆ. ಐದು ತಿಂಗಳಾದ ಮೇಲೆ ಪಟ್ಟಿ ಹಿಂದಕ್ಕೆ ಬಂತು. ಸಿಮೆಂಟಿನ ಪೀಪಾಯಿಯ ದರ ಚಿಕ್ಕಜಾಜೂರು ಸ್ಟೇಷನ್ನಿನ ತನಕವೋ, ಗಾಡಿಬಾಡಿಗೆ ಸೇರಿ ಕಂಚಿಗಟ್ಟದ ತನಕವೋ? ಉತ್ತರ ಬರೆದೆ. ಏಳು ತಿಂಗಳಿಗೆ ಮತ್ತೆ ಬಂತು. ನಕ್ಷೆಯಲ್ಲಿ ಉತ್ತರ ದಿಕ್ಕಿನ ಬಾಣದ ಗುರುತು ಹಾಕಿಲ್ಲ. ಹಾಕಿದೆ. ಅಷ್ಟರಲ್ಲಿ ಸಿಮೆಂಟಿನ ದರ ಏರಿತ್ತು, ಆದ್ದರಿಂದ ಮೊದಲಿನಿಂದ ಪಟ್ಟಿ ಮಾಡಿ ಎಂದು ಬಂತು. ಆ ಕಾಗದ ಓದಿದ ದಿನ ನಾನು ಊಟ ಬಿಟ್ಟೆ. ಕೋಪದಲ್ಲಿ ಊಟ ಬಿಡುವುದು ನನ್ನ ಹಳೆಯ ದುರಭ್ಯಾಸ, ಅದರಿಂದ ಮೇಲಿನ ಕಚೇರಿಯವರಿಗೆ ಏನೂ ನಷ್ಟವಾಗಲಿಲ್ಲ.

ದಾರಿ ಇದ್ದದ್ದು ಮೂರು. ಒಂದು, ಬೆಂಗಳೂರಿನಲ್ಲಿ ಆಗ ಹೊಸದಾಗಿ ಕಟ್ಟುತ್ತಿದ್ದಂಥ ಮುಚ್ಚಿದ ಸೆಪ್ಟಿಕ್ ಟ್ಯಾಂಕ್, ಅದರ ಮುಂದೆ ಜಲ್ಲಿಯ ಹಾಸು. ಎರಡು, ಗುಂಡಿಯ ಕೆಳಗಿನ ಜಮೀನು ಕೊಂಡು ಅದರ ಮೇಲೆ ಕೊಳಚೆ ಹಾಯಿಸಿ ಹುಲ್ಲು ಬೆಳೆಯುವುದು. ಮೂರು, ಕಬ್ಬಿಣದ ಪೀಪಾಯಿ ಇಟ್ಟ ಎತ್ತಿನ ಗಾಡಿಗಳಲ್ಲಿ ಕೊಳಚೆಯನ್ನು ಊರಾಚೆಗೆ ಸಾಗಿಸುವುದು.

ಪುರಸಭೆಯ ಸಭೆ ಸೋಮವಾರವೇ ಸೇರುತ್ತಿತ್ತು. ಸದಸ್ಯರಲ್ಲಿ ಮುಕ್ಕಾಲು ಜನ ಬಸವಣ್ಣನ ಒಕ್ಕಲು. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಆದ್ದರಿಂದ ಅವರಿಗೂ ಅವತ್ತೇ ಬಿಡುವು. ಅಧ್ಯಕ್ಷರು ಹತ್ತಿ ವ್ಯಾಪಾರದ ಮರುಳಸಿದ್ದಪ್ಪನವರು. ಅವರ ಅಂಗಡಿಯ ಹಿಂಗೋಡೆಗೇ ಗುಂಡಿ ಇದ್ದದ್ದರಿಂದ ಈ ವಿಷಯದಲ್ಲಿ ಅವರ ಶ್ರದ್ಧೆ ಸಾಚಾ ಆಗಿತ್ತು. ನಾನು ಎದ್ದು ನಿಂತು ಗಾಡಿಯ ಲೆಕ್ಕ ಓದಿದೆ. ಎರಡು ಗಾಡಿ, ನಾಲ್ಕು ಎತ್ತು, ಮೇವು, ಆಳು, ಮೊದಲ ಖರ್ಚು ಒಂಬೈನೂರು, ಆಮೇಲೆ ವರ್ಷಕ್ಕೆ ನಾನೂರು.

"ಸೋಮಾರ ಏನ್ ಮಾಡ್ತೀರಿ?" ಎಂದರು ಈರಬಸಪ್ಪ. ಇವರು ಸದಸ್ಯರಲ್ಲಿ ಹಿರಿಯರು, ಮೂರು ಜೊತೆ ಎತ್ತಿನ ಕಮತ ಇದ್ದವರು.

"ಸೋಮವಾರವೂ ಗಾಡಿ ಹೋಗಬೇಕು" ಎಂದೆ.

"ಹೂಡಂಗಿಲ್ಲಲ್ರಿ."

"ಪುರಸಭೆಯ ಎತ್ತಿಗೂ ಇಲ್ಲವೇ?"

"ಪುರಸಭೆ ಎತ್ತಾದ್ರೆ ಅದು ಬಸವಣ್ಣ ಅಲ್ವೇನ್ರಿ? ಸರ್ಕಾರದ ಸಂಬಳ ತಗಂಡ್ರೆ ಕುಲ ಬಿಡ್ತೈತಾ?"

ಎಲ್ಲರೂ ನಕ್ಕರು. ಕೋಣ ಹೂಡೋಣ ಎಂದು ಒಬ್ಬರು, ಕತ್ತೆ ತರಿಸೋಣ ಎಂದು ಇನ್ನೊಬ್ಬರು. ಕತ್ತೆಗೆ ಪೀಪಾಯಿ ಕಟ್ಟುವ ಬಗೆಯ ಮೇಲೆ ಒಂದು ಗಂಟೆ ಚರ್ಚೆ ನಡೆಯಿತು. ಕೊನೆಗೆ ಗಾಡಿಯ ದಾರಿಯನ್ನು ಕೈಬಿಟ್ಟು ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಎದ್ದರು. ನಾನು ಮೂರು ರಾತ್ರಿ ಕೂತು ಬರೆದ ಎಂಟು ಹಾಳೆ ಅಲ್ಲಿಗೆ ವ್ಯರ್ಥವಾಯಿತು.

ಉಳಿದದ್ದು ಎರಡು. ಯಾವುದಕ್ಕಾದರೂ ಮೊದಲು, ಹಿಂದಿನಂತೆ ಅಂದಾಜಿನಲ್ಲಿ ಅಲ್ಲದೆ, ನೀರು ಎಷ್ಟು ಬರುತ್ತದೆ ಎಂದು ಗೊತ್ತಿರಬೇಕು. ಅದಕ್ಕಾಗಿ ಗೋವಿಂದಯ್ಯ ಎಂಬ ಇಂಜಿನಿಯರು ದುರ್ಗದಿಂದ ಬಂದರು. ಅಳತೆಗೆ ಸದಸ್ಯರು ಸಾಕ್ಷಿ ನಿಂತು ರುಜು ಹಾಕಬೇಕಾಗಿತ್ತು, ಅವರಿಗೆ ಬಿಡುವು ಇದ್ದದ್ದು ಸೋಮವಾರ, ಆದ್ದರಿಂದ ಸೋಮವಾರವೇ ಅಳೆದೆವು. ಮೋರಿಯ ಬಾಯಿಗೆ ಸೀಮೆಎಣ್ಣೆ ಡಬ್ಬಿ ಹಿಡಿದು, ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಗಂಟೆಗೊಂದು ಸಲ ಗಡಿಯಾರ ನೋಡಿ ಬರೆಯುವುದು. ದಿನಕ್ಕೆ ಏಳು ಸಾವಿರ ಡಬ್ಬಿ ಎಂದು ಲೆಕ್ಕ ಬಂತು. ಗೋವಿಂದಯ್ಯನವರು ಮೂಗಿಗೆ ವಸ್ತ್ರ ಒತ್ತಿಕೊಂಡೇ, "ಊರು ಚಿಕ್ಕದಾದರೂ ನೀರು ಜೋರಾಗಿದೆ" ಎಂದರು. ಆ ಲೆಕ್ಕಕ್ಕೆ ಟ್ಯಾಂಕಿಗೆ ಮೂರು ಸಾವಿರದ ನಾನೂರು ರೂಪಾಯಿ ಆಯಿತು. ಜಮೀನಿನ ದಾರಿಗೆ ಮೂರು ಎಕರೆ ಬೇಕಾಗಿತ್ತು. ಎಕರೆಗೆ ಮುನ್ನೂರೈವತ್ತರಂತೆ ಸಾವಿರದ ಐವತ್ತು, ಕಾಲುವೆ ತೋಡಿ ನೆಲ ಮಟ್ಟ ಮಾಡಲು ಎಂಟುನೂರೈವತ್ತು, ಒಟ್ಟು ಸಾವಿರದ ಒಂಬೈನೂರು.

ಆ ಮೂರು ಎಕರೆ ಏಕಾಂತಮ್ಮನ ತೋಟ. ಗುಂಡಿಯ ಕೆಳಗೆ ಹಳ್ಳದ ದಂಡೆಗೆ ಇದ್ದದ್ದು ಅದೊಂದೇ. ಗಂಡ ಸತ್ತ ಮೇಲೆ ಹದಿನಾಲ್ಕು ವರ್ಷ ಆಕೆ ಒಬ್ಬಳೇ ಸೊಪ್ಪು, ಬದನೆ, ಹೀರೆ, ಪೂಜೆಯ ಹೂವು ಬೆಳೆದು ಇಡೀ ಪೇಟೆಗೆ ಕೊಡುತ್ತಿದ್ದಳು. ಮೇಲಿನ ಅರ್ಧ ಒಣ ಕಲ್ಲುನೆಲ, ತಗ್ಗಿನ ಅರ್ಧದಲ್ಲಿ ಬಾವಿ. ಬಾವಿಯ ನೀರು ಕಲ್ಲುಸಕ್ಕರೆಯಂತಿತ್ತು. ಗುಂಡಿ ನೋಡಲು ದಿನವೂ ಹೋಗುತ್ತಿದ್ದ ನಾನು ಅಲ್ಲಿ ಒಂದು ಚೆಂಬು ನೀರು ಕುಡಿಯದೆ ತಿರುಗಿ ಬಂದವನಲ್ಲ.

ವಿಷಯ ಮುಚ್ಚಿಡಲು ನನ್ನಿಂದ ಆಗಲಿಲ್ಲ. ಹೇಳಿದೆ. ಆಕೆ ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ.

"ಏಳು ಸಾವ್ರ ಡಬ್ಬೀನಾ? ಯಾವತ್ತು ಅಳೆದ್ರಿ?"

"ಸೋಮವಾರ."

ಆಗ ಕೈ ನಿಂತಿತು. "ಸೋಮಾರ ಅಳೆದ್ರೆ ಹೊಳೇನೇ ಬರ್ತೈತೆ. ಅವತ್ತು ಮನೆಮನೇಲೂ ತಲೆಮೇಲೆ ನೀರು, ಪಡಸಾಲೆ ತೊಳೆಯಾದು, ಮಡಿಬಟ್ಟೆ ಒಗೆಯಾದು. ಎತ್ತು ಬೇರೆ ಮನೇಲೇ ಇರ್ತಾವೆ, ಬಾಗಿಲ ಮುಂದೆ ನಿಲ್ಸಿ ಮೈ ತೊಳೀತಾರೆ. ಮಂಗ್ಳಾರ ಬಂದು ನೋಡ್ರಿ. ಹದಿನಾಲ್ಕು ವರ್ಸದಿಂದ ಈ ಗಬ್ಬು ಮೋರಿ ಪಕ್ಕದಾಗೆ ಕುಂತೀನಿ, ನನ್ನ ಒಬ್ರು ಕೇಳಿಲ್ಲ."

ನನಗೆ ಹಣೆ ಚಚ್ಚಿಕೊಳ್ಳಬೇಕು ಎನ್ನಿಸಿತು. ನೊಗ ಹೂಡದ ದಿನವೆಂದು ಸೋಮವಾರ ಸಭೆ, ಸಭೆಯ ದಿನವೆಂದು ಸೋಮವಾರ ಅಳತೆ, ನೊಗ ಹೂಡದ ದಿನವೆಂದೇ ಸೋಮವಾರ ಎತ್ತು ತೊಳೆಯುವುದು. ವಾರದಲ್ಲಿ ಆರು ದಿನ ಇಲ್ಲದ ಹೊಳೆಗೆ ನಾವು ಮೂರು ಸಾವಿರದ ನಾನೂರರ ಟ್ಯಾಂಕು ಕಟ್ಟಲು ಹೊರಟಿದ್ದೆವು. ಕೆಟ್ಟ ಸಿಟ್ಟು ಬಂತು, ಅದರ ಅಡಿಯಲ್ಲಿ ಸಂತೋಷವೂ ಇತ್ತು. ನೀರು ಅರ್ಧವಾದರೆ ಟ್ಯಾಂಕು ಅಗ್ಗವಾಗುತ್ತದೆ, ಟ್ಯಾಂಕು ಅಗ್ಗವಾದರೆ ತೋಟ ಉಳಿಯುತ್ತದೆ. "ನಿನ್ನ ತೋಟ ಎಲ್ಲಿಗೂ ಹೋಗುವುದಿಲ್ಲ ಏಕಾಂತಮ್ಮ" ಎಂದು ಮಾತು ಕೊಟ್ಟುಬಿಟ್ಟೆ.

ಮಂಗಳವಾರದಿಂದ ಭಾನುವಾರದ ತನಕ ಬೆಳಗಿನಿಂದ ಬೈಗಿನವರೆಗೆ ನಾನೇ ಮೋರಿಯ ಬಾಯಲ್ಲಿ ಕೂತೆ. ದಿನಕ್ಕೆ ಮೂರು ಸಾವಿರ ಡಬ್ಬಿ ದಾಟಿದ್ದು ಅಪರೂಪ. ಆದರೆ ಸಾಕ್ಷಿಯ ರುಜು ಬೇಕಲ್ಲ. ಯಾರೂ ಬರಲಿಲ್ಲ. "ಸೋಮಾರ ಅಳೀರಿ, ಬರ್ತೀವಿ" ಎಂದು ಹೇಳಿ ಕಳಿಸಿದರು. ಸೋಮವಾರ ಅಳೆಯಬಾರದು ಎನ್ನುವುದಕ್ಕೇ ಈ ಅಳತೆ ಎಂದು ಎಷ್ಟು ಸಲ ಬಾಯಿಬಿಟ್ಟು ಹೇಳಿದೆನೋ ಶಿವನೇ ಬಲ್ಲ. ಮುಂದಿನ ವಾರ ಮಸಿಕುಡಿಕೆ ಹಿಡಿದು ಈರಬಸಪ್ಪನವರ ಹೊಲಕ್ಕೇ ಹೋದೆ. ಅವರು ಕುಂಟೆ ಹೊಡೆಯುತ್ತಿದ್ದರು. ನಾನು ಸಾಲಿನಲ್ಲಿ ಅವರ ಹಿಂದೆ ಹಿಂದೆ ನಡೆದೆ.

"ಬಂದು ಒಂದು ಗಂಟೆ ನೋಡಿ ರುಜು ಹಾಕಿ ಹೋಗಿ" ಎಂದೆ.

"ಹದ ಹೋಗ್ತೈತಲ್ರಿ ರಂಗಯ್ಯನೋರೆ. ಮೋರಿ ನೀರಿಗೆ ಹದ ಬಿಡ್ಲಾ?"

"ಹದ ನಾಳೆಯೂ ಇರುತ್ತದೆ."

"ಮೋರಿ ನಾಳೆ ಇರಲ್ವಾ?"

ಆ ದಿನ ನಾಲ್ಕು ಸಾಲು ನಡೆದೆ. ಮರುದಿನ ಮತ್ತೆ ಹೋದೆ. ಮೂರನೆಯ ದಿನ ನನ್ನ ಕಾಟ ತಾಳಲಾರದೆ ಅವರು ಎತ್ತು ಬಿಚ್ಚಿ ಬಂದರು. ಡಬ್ಬಿ ತುಂಬುವುದನ್ನು ನೋಡಿ, "ಹೌದಲ್ಲಲೇ, ನೀರೇ ಇಲ್ಲ!" ಎಂದು ಬೆರಗಾಗಿ ರುಜು ಹಾಕಿದರು. ಅವರನ್ನು ಕಂಡು ಇನ್ನಿಬ್ಬರು ಹಾಕಿದರು. ವಾರದ ಸರಾಸರಿ ದಿನಕ್ಕೆ ಮೂರು ಸಾವಿರದ ಆರುನೂರು ಡಬ್ಬಿ, ಹೆಚ್ಚುಕಡಿಮೆ ಅರ್ಧ. ಸೋಮವಾರದ ಹೆಚ್ಚಿನ ನೀರನ್ನು ಹಳೆಯ ಗುಂಡಿಯಲ್ಲೇ ಹಲಗೆ ಹಾಕಿ ತಡೆದು, ವಾರವೆಲ್ಲ ಸ್ವಲ್ಪ ಸ್ವಲ್ಪ ಬಿಟ್ಟರಾಯಿತು. ಹಲಗೆಗೆ ಏಳು ರೂಪಾಯಿ ಹಿಡಿಯಿತು. ಅದನ್ನು ಆ ವಾರವೇ ಕೂರಿಸಿದೆ, ಅಂಗಡಿಗಳ ಹಿಂಬಾಗಿಲಿಗೆ ಉಕ್ಕುವುದು ಅಲ್ಲಿಗೆ ನಿಂತಿತು. ಐದು ವರ್ಷ ಪಟ್ಟಿ ಬರೆದ ಮೇಲೆ ಏಳು ರೂಪಾಯಿಯ ಹಲಗೆ.

ಹಲಗೆ ಉಕ್ಕುವುದನ್ನು ನಿಲ್ಲಿಸಿತೇ ಹೊರತು ನೀರನ್ನು ತಿಳಿ ಮಾಡಲಿಲ್ಲ. ಕೆಳಗಿನ ಹಳ್ಳದಲ್ಲಿ ದನ ಕುಡಿಯುತ್ತಿದ್ದವು. ಟ್ಯಾಂಕು ಬೇಕೇ ಬೇಕಿತ್ತು. ಹೊಸ ಲೆಕ್ಕದಲ್ಲಿ ಅದಕ್ಕೆ ಸಾವಿರದ ಎಂಟುನೂರು, ಜಮೀನಿನ ದಾರಿಗಿಂತ ನೂರು ಕಡಿಮೆ. ಹಾರುವ ಉತ್ಸಾಹದಲ್ಲಿ ಸಭೆಗೆ ಹೋಗಿ ಓದಿದೆ. ಸೋಮವಾರದ ತಪ್ಪನ್ನು ಬಿಡಿಸಿ ಹೇಳಿದೆ. ಎಲ್ಲರೂ ತಲೆದೂಗಿದರು. ಅಷ್ಟರಲ್ಲಿ ಮರುಳಸಿದ್ದಪ್ಪನವರು ಬೆರಳು ಮಡಿಸಿ ಎಣಿಸುತ್ತಿದ್ದುದನ್ನು ನಾನು ನೋಡಲಿಲ್ಲ.

"ನೀರು ಅರ್ಧ ಆದ್ರೆ ಜಮೀನೂ ಅರ್ಧ ಸಾಕಲ್ರಿ?" ಎಂದರು.

ಆ ಕಡೆಯ ಲೆಕ್ಕವನ್ನು ನಾನು ಹಾಕಿಯೇ ಇರಲಿಲ್ಲ. ಮಾರಿಕಣಿವೆಯಲ್ಲಿ ನೀರು ಅಳೆದ ಮಹಾನುಭಾವ, ತಕ್ಕಡಿಯ ಒಂದೇ ತಟ್ಟೆ ನೋಡಿಕೊಂಡು ಕುಣಿದಿದ್ದೆ.

"ಒಂದೂವರೆ ಎಕರೆ, ಐನೂರ ಇಪ್ಪತ್ತೈದು. ಕಾಲುವೆ, ಮಟ್ಟ ಎಲ್ಲಾ ಸೇರಿ ನಾನೂರ ನಲ್ವತ್ತು ಹಿಡೀರಿ. ಒಂಬೈನೂರ ಅರವತ್ತೈದು. ಸಾವ್ರದ ಒಳಗೇ ಆಯ್ತು! ಸಾವ್ರದ ಒಳಗಿನ ಕೆಲ್ಸಕ್ಕೆ ದುರ್ಗಕ್ಕೆ ಕಾಗ್ದ ಬೇಕಿಲ್ಲ, ನಾವೇ ಮಾಡಬೋದು. ಬರೋ ವಾರ ಸುರು ಮಾಡಾಣ. ನಿಮ್ಮಿಂದ ಊರಿಗೆ ದೊಡ್ಡ ಉಪ್ಕಾರ ಆಯ್ತು ನೋಡ್ರಿ."

ಐದು ವರ್ಷ ನಾನು ಶಾಪ ಹಾಕಿದ್ದು ಯಾವುದಕ್ಕೆ? ಬಾಣದ ಗುರುತು ಕೇಳಿ, ಪೀಪಾಯಿಯ ದರ ಕೇಳಿ ತಿಂಗಳುಗಟ್ಟಲೆ ಹಿಂದಕ್ಕೆ ಬರುತ್ತಿದ್ದ ಆ ಕಾಗದಗಳಿಗೆ. ಏಕಾಂತಮ್ಮನ ತೋಟವನ್ನು ಅಷ್ಟು ದಿನ ಕಾದದ್ದು ಆ ಕಾಗದಗಳೇ. ಅವುಗಳ ಕಾವಲನ್ನು ನಾನೇ ನನ್ನ ಸರಿಯಾದ ಲೆಕ್ಕದಿಂದ ತೆಗೆದುಹಾಕಿದ್ದೆ.

"ಬಾವಿಯ ಬೆಲೆ ಸೇರಿಸಬೇಕು, ತಗ್ಗಿನ ಅರ್ಧದಲ್ಲಿ ಬಾವಿ ಇದೆ, ನೂರೈವತ್ತು" ಎಂದೆ ಅವಸರದಲ್ಲಿ. ಸೇರಿಸಿದರೆ ಸಾವಿರ ದಾಟುತ್ತಿತ್ತು.

ಮರುಳಸಿದ್ದಪ್ಪನವರು ನಕ್ಷೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಸೀಸದ ಕಡ್ಡಿಯಿಂದ ಗಡಿಯ ಗೆರೆಯನ್ನು ಬಾವಿಯ ಮುಂದೆ ತಂದು, ಅಲ್ಲಿ ಬಳಸಿಕೊಂಡು, ಮತ್ತೆ ಕೆಳಕ್ಕೆ ಇಳಿಸಿದರು. "ಬಾವಿ ಯಾಕೆ ನಮ್ಗೆ? ಆಯಮ್ಮಂದು ಆಯಮ್ಮಂಗೇ ಇರ್ಲಿ. ಹೆಂಗಸಿನ ಬಾವಿ ಕಿತ್ಕಂಡ್ರು ಅನ್ನೋ ಮಾತು ಬ್ಯಾಡ" ಎಂದರು. ಅವರು ಕೆಟ್ಟ ಮನುಷ್ಯರಲ್ಲ, ನಿಜವಾಗಿ ದೊಡ್ಡ ಮನಸ್ಸು ಮಾಡಿದೆ ಎಂದೇ ತಿಳಿದಿದ್ದರು. ಮೂರು ಕಡೆ ಊರ ಕೊಳಚೆ ಹರಿಯುವ ನೆಲದ ನಡುವೆ ಒಂದು ಬಾವಿಯನ್ನು ಆಕೆಗೆ ಬಿಟ್ಟುಕೊಟ್ಟಿದ್ದರು. ನಾನು ಕೂಗಾಡಿದೆ. ಆ ನೀರು ತಿಂಗಳೊಪ್ಪತ್ತಿನಲ್ಲಿ ಕೆಡುತ್ತದೆ ಎಂದೆ, ನೆಲದೊಳಗೆ ಇಳಿದದ್ದು ಬಾವಿಗೇ ಹೋಗುತ್ತದೆ ಎಂದೆ. "ಓವರ್‌ಸಿಯರಿಗೆ ಸಿಟ್ಟು ಜಾಸ್ತಿ" ಎಂದು ಯಾರೋ ಹೇಳಿದರು. ಗೂಟ ಹೊಡೆಯುವ ಕೆಲಸವೂ ನನ್ನ ಮೇಲೇ ಬಿತ್ತು.

ಬುಧವಾರ ಬೆಳಿಗ್ಗೆ ಇಬ್ಬರು ಆಳುಗಳ ಜೊತೆ ತೋಟಕ್ಕೆ ಹೋದೆ. ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ ಬಿಡದೆ. ಆಕೆ ಬೈದಿದ್ದರೆ ಚೆನ್ನಾಗಿತ್ತು. ಹೀರೆಯ ಚಪ್ಪರದ ಕೆಳಗೆ ನಿಂತು ಆಳುಗಳು ಹನ್ನೊಂದು ಗೂಟ ಹೊಡೆಯುವ ತನಕ ನೋಡಿದಳು. ಬಾವಿಯ ಕಟ್ಟೆಗೂ ಗೂಟಕ್ಕೂ ನಡುವೆ ಮೂರು ಮೊಳ ಇತ್ತು.

"ಬಾವಿ ನನ್ಗೇ ಬಿಟ್ಟವ್ರೆ ಅಂದ್ರಲ್ಲ. ಈ ನೀರು ನೀವು ಕುಡೀತೀರಾ ಆಮೇಲೆ?"

"ಇಲ್ಲ" ಎಂದೆ.

"ಸಾವ್ರ ದಾಟಿದ್ರೆ ದುರ್ಗಕ್ಕೆ ಹೋಗ್ತೈತೆ ಅಂದ್ರಿ. ಈಗ ಎಷ್ಟು ಕಮ್ಮಿ ಐತೆ?"

"ಮೂವತ್ತೈದು ರೂಪಾಯಿ."

ಆಕೆ ಸೆರಗು ಸಿಕ್ಕಿಸಿಕೊಂಡು ಬಂದು ಬಾವಿಯ ಪಕ್ಕದ ಗೂಟ ಹಿಡಿದು ಅಲ್ಲಾಡಿಸಿದಳು. ಒಂದು ಕಿತ್ತಳು, ಇನ್ನೊಂದು ಕಿತ್ತಳು. ಆಳುಗಳು ತಡೆಯಲು ಹೋದರು, ನಾನು ಬೇಡವೆಂದೆ. ಬಾವಿಯ ಆಚೆಗೆ ಹೋಗಿ, ಕಲ್ಲು ಎತ್ತಿ, ಆ ಎರಡು ಗೂಟಗಳನ್ನು ಅಲ್ಲಿ ಹೊಡೆದಳು. ಬಾವಿ ಈಗ ಪುರಸಭೆಯ ಗೆರೆಯೊಳಗೆ ಬಂದಿತ್ತು.

"ಬಾವೀನೂ ತಗಳ್ರಿ. ನಾನೇ ಕೊಡ್ತೀನಿ ಅಂತ ಬರ್ಕಳ್ರಿ, ಹೆಬ್ಬೆಟ್ಟು ಒತ್ತೀನಿ. ಈಗ ಎಷ್ಟಾಯ್ತು?"

"ಸಾವಿರದ ನೂರ ಹದಿನೈದು." ಬಾವಿಯ ನೂರೈವತ್ತು ಸೇರಿಸಿ ಹೇಳಿದೆ. ಉಳಿಯುವ ಭಾಗ ಉಪಯೋಗಕ್ಕೆ ಬಾರದೆ ಹೋಗುತ್ತದೆ, ಅದನ್ನೂ ಕೊಳ್ಳಿ ಎಂದು ಮಾಲೀಕರೇ ಬರೆದುಕೊಟ್ಟರೆ ಪಟ್ಟಿಯಿಂದ ಬಿಡುವಂತಿರಲಿಲ್ಲ. ನಿಯಮ ನನಗೆ ಗೊತ್ತಿತ್ತು, ಅದು ಹೀಗೆ ಉಪಯೋಗಕ್ಕೆ ಬರುತ್ತದೆ ಎಂದು ಗೊತ್ತಿರಲಿಲ್ಲ. "ಆದರೆ ಏಕಾಂತಮ್ಮ, ದುರ್ಗದವರು ಒಪ್ಪಿಬಿಟ್ಟರೆ ಬಾವಿಯೂ ಹೋಗುತ್ತದೆ. ಮೇಲಿನ ಕಲ್ಲುನೆಲ ಒಂದೇ ಉಳಿಯುತ್ತದೆ."

"ಗೊತ್ತಾತು. ಬೇಗ ಒಪ್ತಾರಾ?"

ಅಲ್ಲೇ ಬಾವಿಕಟ್ಟೆಯ ಮೇಲೆ ಕೂತು ಅರ್ಜಿ ಬರೆದೆ, ಆಕೆ ಹೆಬ್ಬೆಟ್ಟು ಒತ್ತಿದಳು.

ಮರುಳಸಿದ್ದಪ್ಪನವರು ಹೌಹಾರಿದರು. ಮುಂದಿನ ವಾರ ಶುರುವಾಗಬೇಕಾದ ಕೆಲಸ ಒಂದು ಹೆಬ್ಬೆಟ್ಟಿನಿಂದ ಮತ್ತೆ ದುರ್ಗದ ಪಾಲಾಯಿತು. "ನೀವೇ ಹೇಳಿಕೊಟ್ಟಿದ್ದು" ಎಂದರು. ಇಲ್ಲ ಎಂದೆ, ಅದು ಸತ್ಯವೇ. ನಂಬಲಿಲ್ಲ. ಹೊಸ ಪಟ್ಟಿಯನ್ನು ಆ ಸಂಜೆಯೇ ಟಪಾಲಿಗೆ ಹಾಕಬೇಕೆಂದು ಎದುರಿಗೇ ಕೂತು ಬರೆಸಿದರು.

ಬರೆದೆ. ಟ್ಯಾಂಕಿನ ಸಾಲು, ಜಮೀನಿನ ಸಾಲು, ಬಾವಿ, ಕಾಲುವೆ, ದರ, ಉತ್ತರದ ಬಾಣ, ಚಿಕ್ಕಜಾಜೂರಿನಿಂದ ಗಾಡಿಬಾಡಿಗೆ. ಈ ಸಲ ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಇಷ್ಟು ಅಚ್ಚುಕಟ್ಟಾದ ಪಟ್ಟಿ ಹೋದರೆ ದುರ್ಗದವರು ಎರಡೇ ತಿಂಗಳಲ್ಲಿ ಒಪ್ಪಿಗೆ ಕಳಿಸುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಅಗ್ಗದ್ದನ್ನೇ, ಅಂದರೆ ಜಮೀನನ್ನೇ, ಒಪ್ಪುತ್ತಾರೆ. ನಾನು ಊಟ ಬಿಟ್ಟು, ನಿದ್ದೆ ಬಿಟ್ಟು ಬಯಸಿದ್ದು ಇಂಥದೇ ಒಂದು ಪಟ್ಟಿಯನ್ನು. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಕೂಡಿಸುವುದರಲ್ಲಿ ತಪ್ಪಿದವನಲ್ಲ. ಆ ವಿಷಯದಲ್ಲಿ ನನಗೆ ಹೆಮ್ಮೆ ಇತ್ತು, ಈಗಲೂ ಇದೆ.

"ಬೇಗ ಆಗ್ಲಿ, ಟಪಾಲಿನೋನು ಹೊಂಟ" ಎಂದರು ಮರುಳಸಿದ್ದಪ್ಪನವರು.

ಜಮೀನಿನ ಸಾಲಿನ ಕೆಳಗೆ ಗೆರೆ ಎಳೆದು, ಸಾವಿರದ ನೂರ ಹದಿನೈದು ಬರಬೇಕಾದಲ್ಲಿ ಸಾವಿರದ ನೂರ ಐವತ್ತೊಂದು ಎಂದು ಬರೆದೆ, ಕೆಳಗೆ ರುಜು ಹಾಕಿದೆ, ಲಕೋಟೆಗೆ ಅಂಟು ಹಚ್ಚಿದೆ.